ನರ್ಸಮ್ಮನ ಮುಖದ ಬಂಗು

ಹಿತ್ತಲಿನಲ್ಲಿ ಮುಖ ತೊಳೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ನಮ್ಮತ್ತೆ ಬಂದು ನನ್ನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಎರಡೂ ಕೆನ್ನೆಗಳನ್ನು ಒಂದಾದ ಮೇಲೊಂದು ನೋಡಿದರು. ಅವರ ಮುಖದಲ್ಲಿ ಸಂತೋಷ ಹಿಡಿಸಲಾರದಷ್ಟಿತ್ತು.

“ಎಷ್ಟು ತಿಂಗಳಾತು?”

ನನ್ನ ಕೈ ಸೆರಗಿನಲ್ಲೇ ನಿಂತಿತು. “ಏನ್ರಿ ಅತ್ತೀ?”

“ನನ್ನ ಮುಂದ ಮುಚ್ಚಿಡಬ್ಯಾಡ. ಮಕದ ಮ್ಯಾಲ ಬಂಗು ಬಂದೈತಿ. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನನಗೂ ಹಿಂಗ ಬಂದಿತ್ತು.”

“ಬಿಸಲಿಗೆ ಕರ್ರಗಾಗೈತ್ರಿ. ಹಂಗೇನಿಲ್ಲ.”

“ಬಿಸಲು ನನಗೂ ಬಡದೈತಿ. ತಿಳಿವಳಿಕಿ ಬಂದಾಗಿಂದ ಗದ್ದ್ಯಾಗ ಬಗ್ಗೀನಿ,” ಎಂದು ನಗುತ್ತಾ ಒಳಗೆ ಹೋದರು. ಅವತ್ತು ಅಡಿಗೆಗೆ ಅವರೇ ಕೂತರು. ನನ್ನನ್ನು ಕೊಡ ಎತ್ತಲು ಬಿಡಲಿಲ್ಲ.

ನಾನು ಬಸುರಿಯಾಗಿರಲಿಲ್ಲ. ಬಸುರಿಯಾಗಬಾರದೆಂದು ಒಂದೂವರೆ ವರ್ಷದಿಂದ ಗುಳಿಗೆ ನುಂಗುತ್ತಿದ್ದೆ. ಕೆನ್ನೆಯ ಮೇಲಿನ ಕಂದು ಕಲೆ ಆ ಗುಳಿಗೆಯಿಂದಲೇ ಬಂದಿದ್ದು ಎಂದು ನನಗೆ ಒಳಗೊಳಗೇ ಅನುಮಾನ ಇತ್ತು. ಅದನ್ನು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆಯದೆಲ್ಲ ಆಗ ರಾಯಚೂರು ಜಿಲ್ಲೆ. ಗಂಗಾವತಿ ಹತ್ತಿರದ ಮರಳಿಯಲ್ಲಿ ನಾನು ಸರಕಾರದ ನರ್ಸ್. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಸೂಜಿ ಹಾಕುವುದು, ಮನೆಮನೆಗೆ ಹೋಗಿ ಕುಟುಂಬ ಯೋಜನೆಯ ಗುಳಿಗೆ ಹಂಚುವುದು ನನ್ನ ಕೆಲಸ. ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ತಕ್ಕಡಿ, ಔಷಧದ ಕಪಾಟು, ಹಿಂದಿನದರಲ್ಲಿ ಸಂಸಾರ. ಯಜಮಾನರು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಮೂರು ವರ್ಷದ ಮಗಳನ್ನು ನೋಡಿಕೊಳ್ಳಲೆಂದು ಅತ್ತೆ ತಮ್ಮ ಊರು ಬಿಟ್ಟು ಬಂದು ನಮ್ಮ ಜೊತೆ ಇದ್ದರು. ಅವರು ಒಳ್ಳೆಯವರೇ. ಆದರೆ ಅವರಿಗೆ ಒಬ್ಬ ಮೊಮ್ಮಗ ಬೇಕಿತ್ತು. ಆ ಮಾತು ದಿನಕ್ಕೊಮ್ಮೆಯಾದರೂ ಬರುತ್ತಿತ್ತು.

ಮಗಳು ಹುಟ್ಟಿದ್ದು ಯಲಬುರ್ಗಾದಲ್ಲಿ, ನನ್ನ ತವರಿನಲ್ಲಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಯಾರದೋ ಜೀಪಿನಲ್ಲಿ ಕೊಪ್ಪಳಕ್ಕೆ ಒಯ್ದರು. ನರ್ಸ್ ಆಗಿದ್ದರಿಂದ ನನಗಿದ್ದ ಕಷ್ಟ ಏನೆಂದರೆ, ಸುತ್ತ ನಿಂತವರು ಆಡುತ್ತಿದ್ದ ಇಂಗ್ಲಿಷ್ ಮಾತೆಲ್ಲ ತಿಳಿಯುತ್ತಿತ್ತು. ನಾಡಿ ಸಿಗುತ್ತಿಲ್ಲ ಎಂದು ಒಬ್ಬರು ಹೇಳಿದ್ದು ಕಿವಿಗೆ ಬಿತ್ತು. ಬದುಕಿದೆ. ನಾಲ್ಕನೇ ದಿನ ಯಜಮಾನರು ಮಂಚದ ಪಕ್ಕ ನಿಂತು, “ಇನ್ನ ಸಾಕು, ಇದs ಒಂದು ಸಾಕು,” ಎಂದರು. ಅದನ್ನು ತಮ್ಮ ತಾಯಿಗೆ ಮಾತ್ರ ಹೇಳಲಿಲ್ಲ. ನಾನು “ನಿಮ್ಮವ್ವ, ನೀವs ಹೇಳ್ರಿ,” ಅನ್ನುತ್ತಿದ್ದೆ. ಅವರು “ಹೆಂಗಸರ ಮಾತು, ನೀನs ಹೇಳು,” ಅನ್ನುತ್ತಿದ್ದರು. ಒಂದೇ ಮಗುವಿದ್ದವರಿಗೆ ಆಪರೇಷನ್ ಮಾಡುತ್ತಿರಲಿಲ್ಲ. ಗರ್ಭಕೋಶದ ಒಳಗೆ ಇಡುವ ತಾಮ್ರದ ಸಾಧನದಿಂದ ಮುಟ್ಟಿನ ರಕ್ತ ಹೆಚ್ಚಾಗುತ್ತದೆಂದು ಗೊತ್ತಿದ್ದ ನಾನು ಅದರ ಹೆಸರಿಗೇ ಹೆದರುತ್ತಿದ್ದೆ. ಉಳಿದದ್ದು ಕಪಾಟಿನ ಗುಳಿಗೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಅವರ ಕಣ್ಣೆದುರಿಗೇ ತೆಗೆದುಕೊಂಡರೂ ಶಕ್ತಿಗೆ ಎಂದರೆ ನಂಬುತ್ತಿದ್ದರು.

ತಿಂಗಳು ಕಳೆದು ನಾನು ಹೊರಗಾದಾಗ ಅತ್ತೆಯ ಮುಖ ಇಳಿಯಿತು. ಬಂಗು ಮಾತ್ರ ಇಳಿಯಲಿಲ್ಲ. ಎರಡು ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹಬ್ಬಿತು. ಅದು ಊರಿನವರ ಕಣ್ಣಿಗೂ ಬಿತ್ತು.

ಕಾಲುವೆ ಕಡೆಯ ಓಣಿಯ ಒಬ್ಬ ಹೆಣ್ಣುಮಗಳು, ಮೂರು ಮಕ್ಕಳ ತಾಯಿ, ಒಂದು ಸಂಜೆ ಬಂದು ಗುಳಿಗೆಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು.

“ಇವು ಬ್ಯಾಡ್ರಿ ನರ್ಸಮ್ಮ.”

“ಯಾಕವ್ವ? ಏನರ ತ್ರಾಸಾತೇನು?”

ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. “ನನಗೇನಾಗಿಲ್ರಿ. ನಮ್ಮ ಮನಿಯವರು ಅಂದ್ರು, ಗುಳಿಗಿ ಹಂಚೂ ಅಕಿ ಮಕನs ಹಿಂಗಾಗೈತಿ, ನಿಂದ ಏನಾಗ್ತೈತೋ ಅಂತ.”

ಗುಳಿಗೆಗೂ ಇದಕ್ಕೂ ಸಂಬಂಧವಿಲ್ಲ, ಇದು ಬಿಸಿಲಿನ ಕಲೆ ಎಂದೆ. ಅವಳು ನಂಬಲಿಲ್ಲ. ಅವಳ ಹಿಂದೆ ಇನ್ನೂ ಕೆಲವರು ಬಂದು ಪಟ್ಟಿಗಳನ್ನು ಹಿಂದಿರುಗಿಸಿದರು. ನಾನು ಯಾವುದಾದರೂ ಓಣಿಗೆ ಕಾಲಿಟ್ಟರೆ ಹೆಂಗಸರು ಮಾತು ನಿಲ್ಲಿಸಿ ನನ್ನ ಕೆನ್ನೆ ನೋಡುತ್ತಿದ್ದರು. ಗಂಗಾವತಿಯಿಂದ ಬಂದ ಮೇಲಿನ ನರ್ಸ್ ಬಾಯಿಯವರು ವಹಿ ತಿರುವಿಹಾಕಿ, “ಏನ್ರಿ ಇದು, ನಿಮ್ಮ ಊರಾಗ ಒಬ್ಬರೂ ಗುಳಿಗಿ ತಗೊಳ್ಳವಲ್ರು?” ಎಂದು ಎಲ್ಲರ ಮುಂದೆ ಕೇಳಿದರು.

ಆಮೇಲೆ ನಾನು ಮಾಡಿದ್ದು ನರ್ಸ್ ಆದವಳು ಮಾಡಬಾರದ ಕೆಲಸ. ಗಂಗಾವತಿಯ ಒಂದು ಔಷಧದ ಅಂಗಡಿಯವನು ಸಣ್ಣ ಟ್ಯೂಬ್ ಕೊಟ್ಟು, “ಹಚ್ಚಿ ನೋಡ್ರಿ, ವಾರದಾಗ ಫರಕ ಕಾಣತೈತಿ,” ಎಂದ. ಅದು ಇಸಬಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಎಂದು ಟ್ಯೂಬಿನ ಮೇಲೆ ಓದಿ ತಿಳಿದಿದ್ದೆ. ಆದರೂ ಹಚ್ಚಿದೆ. ಅವನು ಹೇಳಿದಂತೆ ವಾರದಲ್ಲಿ ಮುಖ ತಿಳಿಯಾಯಿತು. ಅತ್ತೆ ಕೂಡ “ಛಲೋ ಆತು,” ಎಂದರು. ಬಿಡಲು ಮನಸ್ಸಾಗಲಿಲ್ಲ. ಟ್ಯೂಬಿನ ಮೇಲೆ ಟ್ಯೂಬ್ ಮುಗಿಸಿದೆ. ನಾಲ್ಕೈದು ತಿಂಗಳಿಗೆ ಚರ್ಮ ತೆಳುವಾಗಿ ಕೆನ್ನೆಯ ಕೆಂಪು ನರಗಳು ಕಾಣತೊಡಗಿದವು. ಒಲೆಯ ಮುಂದೆ ಕೂತರೆ ಮುಖ ಉರಿಯುತ್ತಿತ್ತು. ಹೆದರಿ ಒಮ್ಮೆಲೇ ನಿಲ್ಲಿಸಿದೆ. ಹದಿನೈದು ದಿನದಲ್ಲಿ ಮುಖದ ತುಂಬ ಗುಳ್ಳೆ ಎದ್ದವು. ಬಂಗು ಮೊದಲಿಗಿಂತ ದಟ್ಟವಾಗಿ ಮರಳಿತು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

“ಇದಕ್ಕ ದೊಡ್ಡ ಡಾಕ್ಟರ್‌ಗೆ ತೋರಸೂಣು,” ಎಂದರು ಅತ್ತೆ. “ನಾನೂ ಬರತೀನಿ. ಇನ್ನೊಂದ್ ಕೂಸು ಯಾಕ ಆಗವಲ್ದು, ಅದನ್ನೂ ಕೇಳೂಣು.”

ಬೇಡ ಎನ್ನಲು ಕಾರಣ ಸಿಗಲಿಲ್ಲ. ಗಂಗಾವತಿಯಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಬೀಜದ ಅಂಗಡಿಯ ಮಾಳಿಗೆಯ ಮೇಲೆ ಚರ್ಮರೋಗದ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದರು. ಮುಂಬಯಿಯಲ್ಲಿ ಕಲಿತು ಬಂದವರು, ಮಾತು ಕಡಿಮೆ. ಕಿಟಕಿಯ ಹತ್ತಿರ ಕೂರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅಂಗಡಿಯ ಮುಲಾಮಿನ ಕಥೆ ಕೇಳಿ ಹುಬ್ಬು ಗಂಟಿಕ್ಕಿದರು. ಆಮೇಲೆ ಕೇಳಿದರು:

“ಏನರ ಗುಳಿಗಿ ತಗೋತೀರೇನು? ಮಕ್ಕಳಾಗದಂಗ?”

ಅತ್ತೆ ನನ್ನ ಮಗ್ಗುಲಲ್ಲೇ ಕೂತಿದ್ದರು. ಅವರ ಮೊಣಕೈ ನನ್ನ ತೋಳಿಗೆ ತಾಗಿತ್ತು.

“ಇಲ್ರಿ,” ಎಂದೆ.

ಅತ್ತೆ ನಡುವೆ ಬಾಯಿ ಹಾಕಿದರು. “ಅಕಿ ಯಾಕ ತಗೋತಾಳ್ರಿ ಸಾಹೇಬ್ರ! ನಾವು ಮಕ್ಕಳು ಬೇಕಂತ ಕುಂತೀವಿ.”

ಡಾಕ್ಟರ್ ನನ್ನ ಸರಕಾರಿ ಸೀರೆಯನ್ನೂ ಮುಖವನ್ನೂ ನೋಡಿದರು. “ಅಮ್ಮಾರ, ಕೆಳಗ ಅಂಗಡ್ಯಾಗ ನೀರು ಕುಡದು ಬರ್ರಿ. ಇವರ ಬೆನ್ನು ನೋಡಬೇಕು,” ಎಂದರು. ಅತ್ತೆಯ ಹೆಜ್ಜೆ ಮೆಟ್ಟಿಲಿಳಿಯುವ ತನಕ ಸುಮ್ಮನಿದ್ದು, “ಈಗ ಹೇಳ್ರಿ ಸಿಸ್ಟರ್,” ಎಂದರು.

ಹೇಳಿದೆ. ಕೊಪ್ಪಳದ ಮಂಚದಿಂದ ಹಿಡಿದು ಎಲ್ಲವನ್ನೂ, ಒಂದೇ ಉಸಿರಿಗೆ. ಮೆಟ್ಟಿಲ ಕಡೆ ಕಿವಿ ಇಟ್ಟುಕೊಂಡೇ ಹೇಳಿದೆ.

“ಗುಳಿಗಿ ನಿಲ್ಲಸೂ ತನಕ ನಾ ಏನ್ ಮಾಡಿದ್ರೂ ಅಷ್ಟs. ಎಲ್ಲರಿಗೂ ಬರೂದಿಲ್ಲ ಇದು, ಕೆಲವರಿಗೆ ಬರತೈತಿ. ನಿಮಗ ಬಂದೈತಿ. ಅದಕ್ಕ ಬ್ಯಾರೆ ದಾರಿ ಅದಾವು, ನನಗಿಂತ ನಿಮಗs ಗೊತ್ತು.” ಆಮೇಲೆ ಚಿಕಿತ್ಸೆ ವಿವರಿಸಿದರು. ಮೊದಲು ಎರಡು ತಿಂಗಳು ತಾವೇ ಹದ ಮಾಡಿಸಿಕೊಡುವ ಮುಲಾಮು. ಚರ್ಮ ಅದಕ್ಕೆ ಒಗ್ಗಿದ ಮೇಲೆ ಆ್ಯಸಿಡ್ ಸವರಿ ಮೇಲಿನ ಪದರ ಸುಲಿಸುವುದು. ಸುಲಿದದ್ದು ವಾಸಿಯಾದ ಮೇಲೆ ಮತ್ತೆ ಮುಲಾಮು. “ಆ್ಯಸಿಡ್ ಮ್ಯಾಲಿನ ಕಪ್ಪು ತಗೀತೈತಿ. ಮುಲಾಮು ಒಳಗಿಂದ ಹೊಸಾ ಕಪ್ಪು ಏಳದಂಗ ತಡೀತೈತಿ. ಎರಡೂ ಕೂಡಿದ್ರ ಕೆಲಸ. ಆದ್ರ ನಮ್ಮ ಬಣ್ಣದ ಚರ್ಮಕ್ಕ ಆ್ಯಸಿಡ್ ಅಂದ್ರ ಹುಷಾರಿರಬೇಕು. ಕೈ ತಪ್ಪಿದ್ರ, ಇಲ್ಲಾ ಸುಲದ ಮಕಕ್ಕ ಬಿಸಲು ಬಿದ್ರ, ಈಗಿನಕಿಂತ ಕರ್ರಗ ಆಗ್ತೈತಿ. ಹತ್ತು ದಿನ ಮನಿ ಬಿಟ್ಟು ಹೊರಗ ಬರಬಾರದು. ಆಗ್ತೈತೇನು?”

ಆಗುತ್ತದೆ ಎಂದೆ. ತಾಲೂಕು ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಹೋಗಿ, ಹಲ್ಲು ಕಚ್ಚಿ, ಆ ತಾಮ್ರದ ಸಾಧನವನ್ನು ಹಾಕಿಸಿಕೊಂಡೆ. ಅದು ಇನ್ನೊಂದು ಗುಟ್ಟಾಯಿತು. ಮನೆಯಲ್ಲಿ ಅತ್ತೆ, ಡಾಕ್ಟರು ಮುಖ ನೆಟ್ಟಗೆ ಮಾಡಿದ ಮೇಲೆ ಮಗುವೂ ಆಗುತ್ತದೆಂದು ನಂಬಿಕೊಂಡು, ನನ್ನ ಮುಲಾಮಿನ ಡಬ್ಬಿಯನ್ನು ದೇವರ ಮಾಡದಲ್ಲಿ ಇಡತೊಡಗಿದರು. ನಾನು ಅದನ್ನು ಅಲ್ಲಿಂದಲೇ ತೆಗೆದು ಹಚ್ಚಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದೆ.

ಮಲಗುವ ಮುಂಚೆ ಮುಲಾಮು, ಹಗಲು ಜಿಂಕಿನ ಬಿಳಿ ಲೇಪ, ಮೇಲೆ ಸೆರಗು, ಅದರ ಮೇಲೆ ಛತ್ರಿ. ಊರ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಡಾಕ್ಟರ್ ನನ್ನ ಕಿವಿಯ ಹಿಂದೆ ಒಂದು ಕಡೆ ಆ್ಯಸಿಡ್ ಮುಟ್ಟಿಸಿ ಮೂರು ವಾರ ಕಾದರು. ಅಲ್ಲಿ ಕಲೆ ಉಳಿಯಲಿಲ್ಲ. ಮುಂಗಾರಿನ ನಾಟಿ ಶುರುವಾಗುವ ಹೊತ್ತಿಗೆ ರಜೆ ಬರೆದುಕೊಟ್ಟು, ಅತ್ತೆಯ ಜೊತೆ, ಮೊದಲ ಸಲ ಆ್ಯಸಿಡ್ ಹಚ್ಚಿಸಿಕೊಳ್ಳಲು ಹೋದೆ.

ಮೊದಲು ಸ್ಪಿರಿಟ್‌ನಿಂದ ಮುಖದ ಜಿಡ್ಡು ತೆಗೆದರು. ಕಣ್ಣಿನ ಮೇಲೆ ಒದ್ದೆ ಅರಳೆ ಇಟ್ಟರು. ಕಣ್ಣು ಮುಚ್ಚಿದ್ದರಿಂದ ಬಾಟಲಿಯ ಬಿರಡೆ ತೆಗೆದ ಸದ್ದೂ ದೊಡ್ಡದಾಗಿ ಕೇಳಿತು. ಹಣೆಗೆ ತಣ್ಣನೆಯದೇನೋ ತಾಗಿತು. ಮೂರು ಎಣಿಸುವಷ್ಟರಲ್ಲಿ ಉರಿ ಹತ್ತಿತು. ಹಸಿ ಮೆಣಸಿನಕಾಯಿ ಅರೆದು ತಿಕ್ಕಿದಂತೆ. ಕೆನ್ನೆಗೆ ಬಂದಾಗ ಕಾಲುಗಳು ತಾವಾಗಿಯೇ ಮಡಚಿಕೊಂಡವು.

“ಹಂದಾಡಬ್ಯಾಡ್ರಿ, ಹಂದಾಡಬ್ಯಾಡ್ರಿ. ಬೀಸಪಾ, ಜೋರಾಗಿ ಬೀಸು,” ಎಂದು ಡಾಕ್ಟರ್ ಕಾಂಪೌಂಡರನಿಗೆ ಹೇಳುತ್ತಿದ್ದರು. “ಬೆಳ್ಳಗಾಗಾಕ ಹತ್ತೈತಿ. ಇನ್ನ ಸ್ವಲ್ಪ. ಸಾಕು, ನೀರು, ನೀರು!”

ಬಾಗಿಲಾಚೆ ಅತ್ತೆಯ ದನಿ ಕೇಳಿತು. “ಏನ್ ಮಾಡಾಕತ್ತೀರಿ ನಮ್ಮ ಹುಡುಗಿಗೆ? ಬಾಗಲಾ ತಗೀರಿ!” ತಣ್ಣೀರಿನ ಪಟ್ಟಿಯ ಕೆಳಗೆ ನನಗೆ ಅಳು ಬಂತು. ಉರಿಗೂ ಹೌದು, ಆ ದನಿಯಲ್ಲಿದ್ದ ಕಳಕಳಿಗೂ ಹೌದು.

ಎರಡನೇ ದಿನ ಮುಖ ಬಿಗಿದು ಕಂದಾಯಿತು. ಮೂರನೇ ದಿನ ಬಾಯಿಯ ಸುತ್ತ ಬಿರುಕು ಬಿಟ್ಟು, ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದುಬರತೊಡಗಿತು. ಕೈಯಿಂದ ಕೀಳಬಾರದು, ತಾನೇ ಉದುರಬೇಕು. ಅತ್ತೆ ಕಿಟಕಿಗೆ ಗೋಣಿಚೀಲ ಕಟ್ಟಿ ನನ್ನನ್ನು ಕತ್ತಲಲ್ಲಿ ಕೂರಿಸಿ, ಊಟ ತಂದು ಕೊಡುತ್ತಿದ್ದರು. ಕೆಳಗೆ ಕಂಡ ಹೊಸ ಚರ್ಮ ಮಗಳ ಅಂಗಾಲಿನಷ್ಟು ಎಳೆಯದಾಗಿತ್ತು.

ಐದನೇ ದಿನ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಕಾಲುವೆ ಓಣಿಯ ಆ ಹೆಣ್ಣುಮಗಳ ಗಂಡ. ಏದುಸಿರು ಬಿಡುತ್ತಿದ್ದ.

“ನರ್ಸಮ್ಮ, ನಾಟಿ ಹಚ್ಚೂ ಗದ್ದ್ಯಾಗs ಬ್ಯಾನಿ ಬಂದಾವ್ರಿ. ಕೂಸು ಹುಟ್ಟೈತಿ. ರಗತ ನಿಲ್ಲವಲ್ದು!”

ಗುಳಿಗೆ ಹಿಂದಿರುಗಿಸಿದ ಮೇಲೆ ಅವಳು ಬಸುರಿಯಾದದ್ದು ನನಗೆ ಗೊತ್ತಿತ್ತು. ಅವಳ ಹೊಟ್ಟೆ ಬೆಳೆದಂತೆಲ್ಲ ಅವಳೆದುರು ನಿಲ್ಲಲು ನಾಚುತ್ತಿದ್ದೆ. ಚೀಲಕ್ಕೆ ಕೈ ಹಾಕಿದೆ.

ಅತ್ತೆ ಅಡ್ಡ ನಿಂತರು. “ಹುಚ್ಚಿ ಅದಿಯೇನು? ಹೊರಗ ಬಿಸಲು ಹ್ಯಾಂಗೈತಿ ನೋಡು. ಮಕ ಸುಟ್ಟು ಹೋಗತೈತಿ. ರಜಾದಾಗ ಅದಿ ನೀನು, ಗಂಗಾವತಿಗೆ ಒಯ್ಯಲಿ.”

“ಗಂಗಾವತಿ ತನಕ ಉಳಿಯಾಂಗಿಲ್ಲ ಅತ್ತೀ. ನನಗ ಗೊತ್ತೈತಿ.”

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ಪಕ್ಕಕ್ಕೆ ಸರಿದರು. ಮಗಳನ್ನು ನೆರೆಮನೆಗೆ ಬಿಟ್ಟು, ಛತ್ರಿ ಬಿಚ್ಚಿ, ನನ್ನ ತಲೆಯ ಮೇಲೆ ಹಿಡಿದು ಜೊತೆಗೇ ಓಡಿ ಬಂದರು. ಗದ್ದೆಯ ಬದುವಿನಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವರು ಕೆಸರಿನಲ್ಲಿಳಿದು ನಡೆದರು.

ಅವಳನ್ನು ದಂಡೆಯ ಜಾಲಿಮರದ ಕೆಳಗೆ ಮಲಗಿಸಿದ್ದರು. ಮೈ ಕೆಳಗಿನ ಸೀರೆ ಪೂರ್ತಿ ತೊಯ್ದಿತ್ತು. ತುಟಿ ಬಿಳಚಿತ್ತು. ಕೂಸನ್ನು ಯಾರೋ ಒರೆಸಿ ಹಿಡಿದಿದ್ದರು. ಮಾಸು ಬಿದ್ದಿತ್ತು, ಗರ್ಭಕೋಶ ಮಾತ್ರ ಬಿಗಿಯದೆ ಮೆತ್ತಗೆ ಕೂತಿತ್ತು. ಸೂಜಿ ಹಾಕಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ತಿಕ್ಕತೊಡಗಿದೆ. ಗಟ್ಟಿಯಾದಂತೆ ಆಗುತ್ತಿತ್ತು, ಕೈ ಸಡಿಲಿಸಿದರೆ ಮತ್ತೆ ಮೆತ್ತಗಾಗಿ ರಕ್ತ ಹರಿಯುತ್ತಿತ್ತು. ಯಾರೋ ಓಡಿ ಹೋಗಿ ಟ್ರ್ಯಾಕ್ಟರ್ ತಂದರು. ಟ್ರೇಲರಿನಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿದರು. ನಾನು ಕೈ ತೆಗೆಯದೆ ಅವಳ ಪಕ್ಕ ಮಂಡಿಯೂರಿದೆ. ಅತ್ತೆಯೂ ಹತ್ತಿದರು. ಗಾಳಿಗೆ ಛತ್ರಿ ಮಗುಚಿ ಕಡ್ಡಿ ಮುರಿದವು. ಅವರು ತಮ್ಮ ಸೆರಗನ್ನು ನನ್ನ ಮುಖದ ಕಡೆ ಹಿಡಿದರು. ಬಲಗಡೆ ಮರೆಯಾಯಿತು. ಎಡಗೆನ್ನೆ ಬಿಸಿಲಿಗೇ ಉಳಿಯಿತು. ಬೆವರು, ಬಿಸಿಲು, ಸುಲಿದ ಚರ್ಮ. ಕಾದ ಹಂಚಿಗೆ ಕೆನ್ನೆ ಕೊಟ್ಟಂತೆ ಇತ್ತು. ನನ್ನ ಕೈ ಮರಗಟ್ಟಿದಾಗ, “ಅತ್ತೀ, ಇಲ್ಲಿ ಒತ್ರಿ, ಹಿಂಗ,” ಎಂದೆ. ಅವರು ಒತ್ತಿದರು. ಅವರ ಮೊಣಕೈ ತನಕ ರಕ್ತವಾಗಿತ್ತು.

ಗಂಗಾವತಿಯ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡರು. ಅವಳ ತಮ್ಮನ ರಕ್ತ ಹೊಂದಿತು. ಸಂಜೆ ಹೊತ್ತಿಗೆ ಲೇಡಿ ಡಾಕ್ಟರ್ ಹೊರಗೆ ಬಂದು, “ಉಳಕೊಂಡಾಳ,” ಎಂದರು.

ನಾವಿಬ್ಬರೂ ಆಸ್ಪತ್ರೆಯ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆವು.

“ನೀ ಹ್ಯಾಂಗ ಹೇಳಿದಿ, ಗಂಗಾವತಿ ತನಕ ಉಳಿಯಾಂಗಿಲ್ಲ ಅಂತ?” ಎಂದು ಅತ್ತೆ ಕೇಳಿದರು.

“ನನಗ ಆಗಿತ್ತಲ್ರಿ. ಯಲಬುರ್ಗಾದಾಗ.”

“ಸ್ವಲ್ಪ ಜಾಸ್ತಿ ಹೋಗಿತ್ತು ಅಂದ್ರಲ್ಲ ನಿಮ್ಮವರು.”

“ಇಷ್ಟs ಹೋಗಿತ್ತು.”

ಅವರು ನಲ್ಲಿ ನಿಲ್ಲಿಸಿದರು. ಇನ್ನು ತಡೆದರೆ ಎಂದಿಗೂ ಹೇಳಲಾರೆ ಅನ್ನಿಸಿತು. ಗುಳಿಗೆ, ಬಂಗು, ಈಗ ಒಳಗಿರುವ ತಾಮ್ರ, ನಿಮ್ಮ ಮಗನಿಗೂ ಗೊತ್ತು, ಎಲ್ಲ ಹೇಳಿದೆ. ಅತ್ತೆ ಬಸ್ಸಿನಲ್ಲಿ ನನ್ನ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದರು.

ಹನ್ನೆರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮಗನನ್ನು ಮಾತ್ರ ಒಮ್ಮೆ ಹೊರಗೆ ನಿಲ್ಲಿಸಿ, “ನೀ ಹೇಳಬೇಕಿತ್ತು,” ಎಂದರಂತೆ. ಬಟ್ಟೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದರು. ಇವತ್ತು ಹೋಗುತ್ತಾರೆ, ನಾಳೆ ಹೋಗುತ್ತಾರೆ ಎಂದು ನಾನು ದಿನಾ ಗಂಟು ನೋಡುತ್ತಿದ್ದೆ. ಹದಿಮೂರನೇ ದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಕೇಳಿದರು:

“ನನಗs ಮೊದಲ ಹೇಳಿದ್ರ ಏನಾಗತಿತ್ತು?”

“ಹೇಳಿದ್ರ ನೀವು ಸುಮ್ಮನಾಗತಿದ್ರೇನ್ರಿ?”

ರೊಟ್ಟಿ ಬಡಿಯುವ ಕೈ ನಿಂತಿತು. “ಇಲ್ಲ. ಬಿಡತಿದ್ದಿಲ್ಲ ನಿನ್ನ,” ಎಂದರು. ಸುಳ್ಳಾಡಲಿಲ್ಲ. ಸಂಜೆ ಗಂಟು ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕಿದರು.

ಎಡಗೆನ್ನೆಯಲ್ಲಿ ಅಂಗೈಯಗಲ ಕಪ್ಪು ಕೂತಿತ್ತು. ಡಾಕ್ಟರ್ ನೋಡಿ ಕುರ್ಚಿಗೆ ಒರಗಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ವಿಷಯ ಕೇಳಿ, “ಆ ಹೆಣ್ಣುಮಗಳು ಹ್ಯಾಂಗದಾಳ?” ಎಂದು ಮಾತ್ರ ಕೇಳಿದರು. ಆ್ಯಸಿಡ್ ಬಾಟಲಿಯನ್ನು ಆರು ತಿಂಗಳು ಮುಟ್ಟಲಿಲ್ಲ. ಮುಲಾಮು ಮತ್ತು ನೆರಳು, ಅಷ್ಟೇ. ಚಳಿಗಾಲದಲ್ಲಿ ಮೊದಲಿಗಿಂತ ತೆಳುವಾದ ಆ್ಯಸಿಡ್ಡನ್ನು ಸವರಿದರು, ಮತ್ತೆ ಮುಲಾಮು, ಇನ್ನೊಮ್ಮೆ ಆ್ಯಸಿಡ್, ಮತ್ತೆ ಮುಲಾಮು. ಹಣೆ ತಿಳಿಯಾಯಿತು, ಬಲಗೆನ್ನೆಯೂ ಮುಕ್ಕಾಲು ತಿಳಿಯಾಯಿತು. ಎಡಗೆನ್ನೆಯದು ಮಸುಕಾಯಿತೇ ಹೊರತು ಹೋಗಲಿಲ್ಲ. “ಇಷ್ಟಕ್ಕ ನಿಲ್ಲಸೂಣು. ಇನ್ನ ಆಸೆ ಪಟ್ರ ಕೆಡಸ್ತೀವಿ,” ಎಂದರು ಡಾಕ್ಟರ್. ನಾನೂ ಒಪ್ಪಿದೆ.

ಈ ನಡುವೆ, ಕಾಲುವೆ ಓಣಿಯ ಆ ಹೆಣ್ಣುಮಗಳು ಮೂರು ತಿಂಗಳ ಕೂಸಿನೊಂದಿಗೆ ಬಂದಾಗ, ನಾನು ಗುಳಿಗೆಯ ಕಪಾಟು ತೆರೆಯಲಿಲ್ಲ. ಎದುರಿಗೆ ಕೂರಿಸಿಕೊಂಡು, “ಅವತ್ತು ನಾ ನಿನಗ ಸುಳ್ಳು ಹೇಳಿದ್ದೆ,” ಎಂದೆ. “ಈ ಬಂಗು ಗುಳಿಗಿಯಿಂದs ಬಂದಿದ್ದು. ಎಲ್ಲರಿಗೂ ಬರೂದಿಲ್ಲ. ಬಂದ್ರ ನನಗ ಹೇಳಬೇಕು, ಬ್ಯಾರೆ ದಾರಿ ಅದಾವು.” ಅವಳು ಬಹಳ ಹೊತ್ತು ನನ್ನ ಎಡಗೆನ್ನೆ ನೋಡಿದಳು. ಕೊನೆಗೆ ಆಪರೇಷನ್ನಿಗೆ ಹೆಸರು ಬರೆಸಿದಳು. ಆಮೇಲೆ ಗುಳಿಗೆ ಕೇಳಿ ಬಂದ ಪ್ರತಿಯೊಬ್ಬಳಿಗೂ ಕೊಡುವ ಮೊದಲು ನನ್ನ ಮುಖ ತೋರಿಸಿಯೇ ಹೇಳುತ್ತಿದ್ದೆ. ಕೆಲವರು ಎದ್ದು ಹೋದರು. ಉಳಿದವರು ಏನೇ ಆದರೂ ಬಂದು ಹೇಳತೊಡಗಿದರು.

ಕೆಲವು ವರ್ಷಗಳ ನಂತರ ನನಗೆ ಕುಷ್ಟಗಿ ಕಡೆ ವರ್ಗವಾಯಿತು. ಕಾಲುವೆಯಿಲ್ಲದ ಬಯಲು ಸೀಮೆ, ಬಿಸಿಲಿಗೆ ಮರೆಯೇ ಇಲ್ಲ. ಅತ್ತೆಯೂ ನಮ್ಮ ಜೊತೆ ಬಂದರು. ಮೊಮ್ಮಗನ ಆಸೆ ಅವರಿಗೆ ಹೋಗಿತ್ತೆಂದು ಹೇಳಲಾರೆ. ಬೇರೆಯವರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಬಂದ ದಿನ ಅವರು ಊಟ ಮಾಡದೆ ಮಲಗುತ್ತಿದ್ದರು. ನಾನು ಕರೆಯುತ್ತಿರಲಿಲ್ಲ. ಮರುದಿನ ಬೆಳಗ್ಗೆ ನಾನು ಹಳ್ಳಿಗೆ ಹೊರಟು ನಿಂತರೆ, ಅವರೇ ಬಾಗಿಲ ತನಕ ಬಂದು, “ಲೇಪ ಹಚಗೊಂಡಿಯಿಲ್ಲ?” ಎಂದು ಕೇಳಿ, ಮರೆತಿದ್ದರೆ ಒಳಗೆ ಕಳಿಸುತ್ತಿದ್ದರು.